ಹಾಜಿ ಬಸ್ಯೂನಿಯವರ ಹೆಸರಿನಲ್ಲಿದ್ದ ಲೈಸೆನ್ಸು

ಉಸ್ತಾದ್ ವಗೀಹ್ ಸರ್ಹಾನರಿಗೆ ಕಂಪ್ಯೂಟರ್ ವಿದ್ಯೆ ಬರುತ್ತದೆ ಎಂಬ ಸುದ್ದಿ ಕಫ್ರ್ ಬಲಾಸಿ ಎಂಬ ಊರಿನಲ್ಲಿ ಹುಟ್ಟಿದ್ದು ಒಂದು ಚಪ್ಪಲಿಯಿಂದ. ನೀರಾವರಿ ನೌಕರರ ಸಂಘದ ಕಚೇರಿಯಲ್ಲಿ ಒಂದು ದಿನ ಕಂಪ್ಯೂಟರ್ ಇದ್ದಕ್ಕಿದ್ದಂತೆ ಕಣ್ಣು ಮುಚ್ಚಿತು. ಟಾಂಟಾ ಪಟ್ಟಣದಿಂದ ಕರೆಸಿದ ರಿಪೇರಿಯವನು ಅದರ ಹೊಟ್ಟೆ ಬಗೆದು, ಒಂದು ಗಂಟೆ ಒಳಗೆಲ್ಲ ಊದಿ, ಕೊನೆಗೆ ತಲೆಯಾಡಿಸಿದ. ಆಗ ಸಂಘದ ಗುಮಾಸ್ತರಾದ ಉಸ್ತಾದರು ಮೇಜಿನಡಿ ಸರಿದುಹೋಗಿದ್ದ ತಮ್ಮ ಚಪ್ಪಲಿಗಾಗಿ ಬಗ್ಗಿದರು. ಏಳುವಾಗ ತಲೆ ಯಾವುದಕ್ಕೋ ಬಡಿಯಿತು. ಸಡಿಲಗೊಂಡಿದ್ದ ಪ್ಲಗ್ಗು ಗೋಡೆಯೊಳಗೆ ಸರಿಯಾಗಿ ಕೂತಿತು, ಕಂಪ್ಯೂಟರ್ ಎದ್ದಿತು. ನೋಡಿದವರೆಲ್ಲ ಚಪ್ಪಾಳೆ ತಟ್ಟಿದರು. ಉಸ್ತಾದರು ಬೇಡವೆನ್ನಲಿಲ್ಲ. ಬೇಡವೆನ್ನದೆ ಇದ್ದದ್ದೇ ಅವರು ಮಾಡಿದ ಏಕೈಕ ತಪ್ಪು. ಉಳಿದದ್ದೆಲ್ಲ ಅದರ ಮಕ್ಕಳು ಮರಿಗಳು.

ಆ ಹಳೆಯ ಕಂಪ್ಯೂಟರ್ ಈ ಬೇಸಿಗೆಗೆ ಪೂರ್ತಿ ಮುದಿಯಾಗಿತ್ತು. ಮೂರು ಸಲ ಒತ್ತಿದರೆ ಒಂದು ಸಲ ಏಳುತ್ತಿತ್ತು, ಎದ್ದರೆ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿತ್ತು. ಸಂಘದ ಅಧ್ಯಕ್ಷರಾದ ಇಂಜಿನಿಯರ್ ಕದ್ರೀ ಸಾಹೇಬರು ಓಡಾಡಿ ಹೊಸದೊಂದನ್ನು ತರಿಸಿದರು. ತೊಂದರೆಯೆಂದರೆ ರಾಸ್ ಎಲ್ ಬರ್‌ನ ಪಟ್ಟಿ. ಬೇಸಿಗೆಯಲ್ಲಿ ಸಂಘದ ಕುಟುಂಬಗಳು ಸರದಿಯಂತೆ ಒಂದೊಂದು ವಾರ ಅಲ್ಲಿನ ಕಡಲ ದಂಡೆಯ ಕೋಣೆಗಳಿಗೆ ಹೋಗುತ್ತವೆ. ಯಾರ ಸರದಿ ಯಾವಾಗ, ಹೋದ ವರ್ಷ ಕಡಲಿಗೆ ಮುಖ ಮಾಡಿದ ಕೋಣೆ ಯಾರಿಗೆ ಸಿಕ್ಕಿತ್ತು, ಯಾರು ಹೇಳದೆ ಕೇಳದೆ ಅತ್ತೆಯನ್ನೂ ಕರೆತಂದಿದ್ದರು, ಎಲ್ಲವೂ ಆ ಪಟ್ಟಿಯಲ್ಲಿತ್ತು. ಆ ಪಟ್ಟಿಯೋ ಹನ್ನೆರಡು ವರ್ಷ ಹಳೆಯದಾದ ಒಂದು ಆಫೀಸ್ ಸಾಫ್ಟ್‌ವೇರಿನಲ್ಲಿ ಮಾತ್ರ ತೆರೆಯುತ್ತಿತ್ತು. ಬೇರೆ ಯಾವುದರಲ್ಲಿ ತೆರೆದರೂ ನೂರ ನಲವತ್ತು ಕುಟುಂಬಗಳ ಜಾಗದಲ್ಲಿ ನೂರ ನಲವತ್ತು ಸಾಲು ಪ್ರಶ್ನಾರ್ಥಕ ಚಿಹ್ನೆ ಕಾಣುತ್ತಿತ್ತು. ಮೊದಲ ತಂಡ ಹೊರಡುವುದು ಶನಿವಾರ. ಅಂದು ಭಾನುವಾರ.

ಟಾಂಟಾದವನನ್ನು ಮತ್ತೆ ಕರೆಸೋಣವೇ ಎಂದು ಅಧ್ಯಕ್ಷರು ಕೇಳಿದರು. ಸುತ್ತ ಏಳು ಮಂದಿ ಸದಸ್ಯರು ನಿಂತಿದ್ದರು, ಏಳು ಮಂದಿಯೂ ಉಸ್ತಾದರನ್ನೇ ನೋಡಿದರು.

"ಅವನ್ಯಾಕೆ ಸಾಹೇಬ್ರೇ," ಎಂದರು ಉಸ್ತಾದರು. "ಹಳೇದರಿಂದ ತೆಗೆದು ಹೊಸದಕ್ಕೆ ಹಾಕೋದು ತಾನೇ. ಐದು ನಿಮಿಷದ ಕೆಲಸ."

ಐದು ನಿಮಿಷ ಕಳೆಯಿತು. ಮೊದಲನೆಯದಾಗಿ, ಸಾಫ್ಟ್‌ವೇರ್ ಇದ್ದದ್ದು ತಟ್ಟೆಯಂಥ ಸಿ.ಡಿ.ಯಲ್ಲಿ. ಹೊಸ ಕಂಪ್ಯೂಟರಿಗೆ ಅದನ್ನು ನುಂಗುವ ಬಾಯಿಯೇ ಇರಲಿಲ್ಲ. ಫೋಟೋ ಸ್ಟುಡಿಯೋದಿಂದ ಒಂದು ಬಾಯಿಯನ್ನು ಎರವಲು ತಂದು ಜೋಡಿಸಿದ್ದಾಯಿತು. ಡಬ್ಬಿಯ ಮೇಲಿನ ಚೀಟಿಯಲ್ಲಿದ್ದ ಇಪ್ಪತ್ತೈದು ಅಕ್ಷರಗಳನ್ನು ಒಂದೊಂದಾಗಿ ಒತ್ತಿದ್ದಾಯಿತು. ಪರದೆಯ ಮೇಲೆ ಒಂದು ಸಂದೇಶ ಮೂಡಿತು. ಈ ಲೈಸೆನ್ಸ್ ಬಸ್ಯೂನಿ ಅಬ್ದುಲ್ ಘಫ್ಫಾರ್ ಅವರ ಹೆಸರಿನಲ್ಲಿ ನೋಂದಣಿಯಾಗಿದೆ, ಹೊಸ ಮಷೀನಿಗೆ ವರ್ಗಾಯಿಸಲು ಮಾಲೀಕರ ಗುಟ್ಟಿನ ಪದ ಕೊಡಿ, ಎಂದು ಅದರ ಸಾರಾಂಶ. ಉಸ್ತಾದರು ಮೊದಲು ಸಂಘದ ಹೆಸರು ಒತ್ತಿದರು. ಆಮೇಲೆ ಬಸ್ಯೂನಿ ಎಂದೇ ಒತ್ತಿದರು. ಮೂರನೆಯ ಸಲ ಏನೂ ತೋಚದೆ 'ದಯವಿಟ್ಟು' ಎಂದು ಒತ್ತಿದರು. ಇನ್ನು ಎರಡೇ ಅವಕಾಶ ಉಳಿದಿದೆ, ಆಮೇಲೆ ಬೀಗ, ಎಂದಿತು ಪರದೆ. ಡಬ್ಬಿಯ ಮೇಲಿದ್ದ ಕೈರೋದ ಫೋನ್ ನಂಬರಿಗೆ ಕರೆ ಮಾಡಿದರೆ ಅದು ಈಗ ಉಪ್ಪುಮೀನಿನ ಅಂಗಡಿಯದಾಗಿತ್ತು. ಅಂಗಡಿಯವನು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, ಗುಟ್ಟೇನೂ ಇಲ್ಲ, ಒಳ್ಳೆ ಉಪ್ಪು ಮತ್ತು ನಲವತ್ತು ದಿನ, ಅಷ್ಟೇ, ಎಂದ.

ಹಾಜಿ ಬಸ್ಯೂನಿ ಇಲಾಖೆಯಲ್ಲಿ ಉಗ್ರಾಣದ ಗುಮಾಸ್ತರಾಗಿದ್ದವರು. ಸಂಘದ ಕೆಲಸವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ನಿವೃತ್ತರಾಗಿ ಒಂಬತ್ತು ವರ್ಷ. ಹೆಂಡತಿ ತೀರಿಕೊಂಡ ಮೇಲೆ ಮಗನ ಮನೆಯ ಹಿಂದಿನ ಕೋಣೆಯಲ್ಲಿದ್ದಾರೆಂದು ಯಾರೋ ಹೇಳಿದರು. ಉಸ್ತಾದರು ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟರು.

ಬಾಗಿಲು ತೆರೆದದ್ದು ಸೊಸೆ ತಹಿಯ್ಯಾ. ಕೈಯಲ್ಲಿ ಮೊಲೊಖಿಯ್ಯಾ ಸೊಪ್ಪು ಕೊಚ್ಚುವ ಬಾಗು ಕತ್ತಿ ಇತ್ತು. ಮಾವ ಕಾಫಿ ಅಂಗಡಿಗೆ ಹೋಗಿದ್ದಾರೆ, ಏನು ಕೆಲಸ, ಎಂದಳು. ಉಸ್ತಾದರು ಇಂಥ ಹೊತ್ತಿನಲ್ಲಿ ಸ್ವಲ್ಪ ಗಂಭೀರವಾಗಿ ಮಾತನಾಡುವ ಮನುಷ್ಯ.

"ಹಾಜಿಗಳ ಹೆಸರಲ್ಲಿ ಒಂದು ಲೈಸೆನ್ಸ್ ಇದೆಯಮ್ಮ. ಅದನ್ನ ಹೊಸ ಮಷೀನಿಗೆ ವರ್ಗ ಮಾಡಿಸ್ಬೇಕು. ಅವರು ಒಂದು ಮಾತು ಹೇಳಿದ್ರೆ ಸಾಕು, ಮುಗೀತು."

ತಹಿಯ್ಯಾಳ ಕತ್ತಿ ಗಾಳಿಯಲ್ಲೇ ನಿಂತಿತು. "ನಮ್ಮ ಮಾವನ ಹೆಸರಲ್ಲಾ? ಲೈಸೆನ್ಸಾ?"

"ಹನ್ನೆರಡು ವರ್ಷದಿಂದ."

"ಅದಕ್ಕೆ ಈಗ್ಲೂ ಬೆಲೆ ಇದೆಯಾ ಉಸ್ತಾದ್ರೇ?"

"ಬೆಲೆ ಮಾತು ಬಿಡಿ. ಎಷ್ಟು ಕೊಡ್ತೀನಂದ್ರೂ ಈಗ ಅಂಥದ್ದು ಸಿಗಲ್ಲ. ಹೊಸದಾಗಿ ಕೊಡೋದನ್ನೇ ನಿಲ್ಲಿಸಿಬಿಟ್ಟಿದಾರೆ. ಅದೊಂದು ಇಲ್ಲದೆ ನೂರ ನಲವತ್ತು ಮನೆಯವರು ಹೊರಡೋಕಾಗದೆ ಕೂತಿದಾರೆ."

ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಆದರೆ ತಹಿಯ್ಯಾಳ ಗಂಡ ರಗಬ್ ಮೈಕ್ರೋಬಸ್ ಓಡಿಸುವವನು. ಹದಿನೈದು ವರ್ಷದಿಂದ ಬೇರೆಯವರ ಬಸ್ಸು, ಬೇರೆಯವರ ಲೈಸೆನ್ಸು. ಊರಿನಲ್ಲಿ ಹೊಸ ಬಸ್ಸಿಗೆ ಲೈಸೆನ್ಸ್ ಕೊಡುವುದನ್ನು ನಿಲ್ಲಿಸಿ ನಾಲ್ಕು ವರ್ಷವಾಗಿತ್ತು. ಆ ಮನೆಯಲ್ಲಿ ಲೈಸೆನ್ಸ್ ಎಂಬ ಮಾತಿಗೆ ಇದ್ದದ್ದು ಒಂದೇ ಅರ್ಥ, ಅದನ್ನು ಹೇಳುವಾಗ ಎಲ್ಲರೂ ಸ್ವಲ್ಪ ನಿಟ್ಟುಸಿರು ಬಿಡುತ್ತಿದ್ದರು. ಉಸ್ತಾದರಿಗೆ ಅದು ಗೊತ್ತಿರಲಿಲ್ಲ. ನಾಳೆ ಬರುತ್ತೇನೆಂದು ಹೇಳಿ ಹೋದರು.

ಮರುದಿನ ಬಂದಾಗ, ಮಾವನಿಗೆ ಮೈ ಸರಿಯಿಲ್ಲ, ಯಾರನ್ನೂ ನೋಡುವುದಿಲ್ಲ, ಎಂದಳು ತಹಿಯ್ಯಾ. ಒಳಗಿನಿಂದ ಬೆಣ್ಣೆಯಲ್ಲಿ ಬಾತುಕೋಳಿ ಹುರಿಯುವ ಘಮ ಬರುತ್ತಿತ್ತು. ಮೈ ಸರಿಯಿಲ್ಲದವರಿಗೆ ಬಾತುಕೋಳಿಯೇ ಎಂದು ಉಸ್ತಾದರಿಗೆ ಸಂದೇಹ ಬಂದರೂ, ಪಥ್ಯದ ವಿಷಯ ತಮ್ಮದಲ್ಲವೆಂದು ಹಿಂದಿರುಗಿದರು. ಕಚೇರಿಗೆ ಬಂದರೆ ಅಲ್ಲಿ ರಗಬ್ ಮತ್ತು ನದಿಯಾಚೆಯ ಊರಿಗೆ ಕೊಟ್ಟಿದ್ದ ಅವನ ತಂಗಿ ಇನ್ಸಾಫ್ ಆಗಲೇ ಕುರ್ಚಿ ಎಳೆದುಕೊಂಡು ಕೂತಿದ್ದರು. ಅಪ್ಪನ ಆಸ್ತಿಯಲ್ಲಿ ಅಣ್ಣನಿಗೆ ಎಷ್ಟೇ ಹೋದರೂ ತನಗೂ ಒಂದು ಪಾಲು ಬರಲೇಬೇಕೆಂದು ಇನ್ಸಾಫ್ ಮೊದಲ ದೋಣಿಗೇ ಹೊರಟು ಬಂದಿದ್ದಳು.

ರಗಬ್ ದನಿ ತಗ್ಗಿಸಿ ಕೇಳಿದ. "ಉಸ್ತಾದ್ರೇ, ಯಾವ ವರ್ಷದ ಮಾಡೆಲ್ಲು?"

"ಎರಡು ಸಾವಿರದ ಏಳು."

"ಓಡುತ್ತಾ?"

"ಮೂರು ಸಲ ಪ್ರಯತ್ನ ಪಟ್ರೆ ಒಂದು ಸಲ ಸ್ಟಾರ್ಟ್ ಆಗುತ್ತೆ. ಸದ್ದು ಜಾಸ್ತಿ. ಬಿಸಿಯಾದ್ರೆ ನಿಂತುಬಿಡುತ್ತೆ. ಅದಕ್ಕೇ ಲೈಸೆನ್ಸನ್ನ ಹೊಸದಕ್ಕೆ ಹಾಕ್ತಿರೋದು."

ರಗಬ್ ತಂಗಿಯ ಮುಖ ನೋಡಿದ. ಇಷ್ಟು ಪ್ರಾಮಾಣಿಕನಾದ ದಲ್ಲಾಳಿಯನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. "ಡೀಸೆಲ್ಲೋ, ಪೆಟ್ರೋಲೋ?"

ಉಸ್ತಾದರು ಪ್ರಶ್ನೆಯನ್ನು ಮನಸ್ಸಿನಲ್ಲೇ ಎರಡು ಸಲ ತಿರುವಿ ಹಾಕಿದರು. ಕಂಪ್ಯೂಟರ್ ವಿಷಯದಲ್ಲಿ ಗೊತ್ತಿಲ್ಲದ ಮಾತು ಬಂದರೆ ಗೊತ್ತಿಲ್ಲವೆಂದು ತೋರಿಸಿಕೊಳ್ಳಬಾರದೆಂಬುದು ಚಪ್ಪಲಿಯ ದಿನದಿಂದ ಅವರು ಪಾಲಿಸಿಕೊಂಡು ಬಂದ ನಿಯಮ. "ಕರೆಂಟಿಂದು," ಎಂದರು ಗಾಂಭೀರ್ಯದಿಂದ.

"ಆ ಕಾಲದಲ್ಲೇ ಕರೆಂಟಿಂದು," ಎಂದಳು ಇನ್ಸಾಫ್, ಅಪ್ಪನ ಬಗ್ಗೆ ಅವಳ ದನಿಯಲ್ಲಿ ಹೊಸ ಗೌರವವಿತ್ತು. "ಎಷ್ಟು ಜನ ಕೂತ್ಕೋಬಹುದು?"

"ಒಬ್ಬರೇ. ಇಬ್ಬರು ಕೂತ್ರೆ ಜಗಳ ಆಗುತ್ತೆ."

ಇಲ್ಲಿ ರಗಬನ ಲೆಕ್ಕ ಸ್ವಲ್ಪ ಅಲುಗಾಡಿತು. ಒಬ್ಬನೇ ಕೂರುವ ಮೈಕ್ರೋಬಸ್ಸು ಎಲ್ಲಿಯೂ ಇಲ್ಲ. ಅವನು ಮೀಸೆಯ ತುದಿ ಕಚ್ಚುತ್ತ ಯೋಚಿಸಿದ. ಅಪ್ಪ ಇದ್ದದ್ದು ನೀರಾವರಿ ಇಲಾಖೆಯಲ್ಲಿ. ನೀರಾವರಿಗೆ ಬೇಕಾದದ್ದು ಕಾಲುವೆ. ಕಾಲುವೆಗೆ ಬೇಕಾದದ್ದು ಹೂಳೆತ್ತುವ ಯಂತ್ರ. ಅದರಲ್ಲಿ ಚಾಲಕನೊಬ್ಬನೇ ಕೂರುತ್ತಾನೆ. ರಗಬನ ಕಣ್ಣು ನಿಧಾನವಾಗಿ ಅಗಲವಾಯಿತು. ತಂಗಿಯ ಕಿವಿಯಲ್ಲಿ ಏನೋ ಹೇಳಿದ, ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು. ಅಣ್ಣ ತಂಗಿ ಇಬ್ಬರೂ ಎದ್ದು, ಉಸ್ತಾದರ ಕೈಯನ್ನು ಎರಡೂ ಕೈಗಳಿಂದ ಹಿಡಿದು ಕುಲುಕಿ, ನಾಳೆ ಬೆಳಿಗ್ಗೆ ಟ್ರಾಫಿಕ್ ಕಚೇರಿಗೆ ಎಲ್ಲರೂ ಒಟ್ಟಿಗೆ ಹೋಗೋಣ, ಎಲ್ಲವೂ ಕಾನೂನಿನ ಪ್ರಕಾರ ಆಗಲಿ, ಎಂದರು.

ಸಾಫ್ಟ್‌ವೇರ್ ವರ್ಗಾವಣೆಗೆ ಟ್ರಾಫಿಕ್ ಕಚೇರಿ ಏಕೆಂದು ಉಸ್ತಾದರಿಗೆ ಅರ್ಥವಾಗಲಿಲ್ಲ. ಆದರೆ ಕಳ್ಳ ಸಾಫ್ಟ್‌ವೇರುಗಳ ಮೇಲೆ ಸರ್ಕಾರ ಕಣ್ಣಿಟ್ಟಿದೆ, ಹೊಸ ಹೊಸ ನಿಯಮ ತರುತ್ತಿದೆ ಎಂದು ಅಧ್ಯಕ್ಷರು ಒಂದು ಸಲ ಹೇಳಿದ್ದು ನೆನಪಿತ್ತು. ಆ ನಿಯಮಗಳಲ್ಲಿ ಇದೂ ಒಂದಿರಬೇಕು. ಬರುವುದಿಲ್ಲವೆಂದರೆ ಗೊತ್ತಿಲ್ಲವೆಂದಾಗುತ್ತದೆ. ಹೋದರು.

ಅಲ್ಲಿ ಗಾಜಿನ ಹಿಂದೆ ಕೂತಿದ್ದವರು ಮದಾಮ್ ಅಫಾಫ್. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಆಕೆ ಯಾವ ವಾಹನಕ್ಕೂ ಬೆರಗಾದವರಲ್ಲ. ಕಲ್ಲಂಗಡಿ ಬೀಜ ಬಿಡಿಸುತ್ತ, ಮಾಲೀಕರ ಹೆಸರು ಬರೆದುಕೊಂಡರು. ಛಾಸಿ ನಂಬರ್ ಹೇಳಿ ಎಂದರು. ಉಸ್ತಾದರು ಡಬ್ಬಿಯನ್ನು ಬೆಳಕಿಗೆ ಹಿಡಿದು ಚೀಟಿಯಲ್ಲಿದ್ದುದನ್ನು ಓದತೊಡಗಿದರು. ಹದಿನೇಳು ಅಕ್ಷರವಾಗುವಾಗ ಮದಾಮ್ ಪೆನ್ನು ಕೆಳಗಿಟ್ಟರು. ಉಸ್ತಾದರು ನಿಲ್ಲಿಸಲಿಲ್ಲ.

"ಇನ್ನೂ ಇದೆಯಾ?"

"ಇನ್ನು ಎಂಟಿದೆ ಮೇಡಂ."

"ಛಾಸಿ ನಂಬರ್ ಹದಿನೇಳೇ ಇರೋದು."

"ಇದರಲ್ಲಿ ಇಪ್ಪತ್ತೈದಿದೆ. ಡಬ್ಬೀಲೇ ಬರೆದಿದಾರೆ."

"ದೊಡ್ಡದು ಮೇಡಂ," ಎಂದು ರಗಬ್ ಪಕ್ಕದಿಂದ ವಿನಯವಾಗಿ ಸೇರಿಸಿದ. "ಹೂಳೆತ್ತೋದು."

ಉಸ್ತಾದರು ರಗಬನತ್ತ ತಿರುಗಿ, ಹೂಳೇ, ಎಂದು ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮದಾಮ್ ಬಣ್ಣ ಯಾವುದೆಂದು ಕೇಳಿದರು. ಮೊದಲು ಬಿಳಿ ಇತ್ತು, ಈಗ ಹಳದಿಗೆ ತಿರುಗಿದೆ, ಎಂದರು ಉಸ್ತಾದರು. ಈಗ ಎಲ್ಲಿ ನಿಂತಿದೆ? ಮೇಜಿನ ಮೇಲೆ. ಮದಾಮ್ ಅಫಾಫ್ ಬೀಜ ತಿನ್ನುವುದನ್ನು ನಿಲ್ಲಿಸಿದರು. ಮೂವರ ಮುಖವನ್ನೂ ಸರದಿಯಂತೆ ನೋಡಿದರು. ಇಪ್ಪತ್ತೆರಡು ವರ್ಷದ ಅನುಭವ ಆಕೆಗೆ ಕಲಿಸಿದ್ದು ಇಷ್ಟೇ: ಅರ್ಥವಾಗದ ಅರ್ಜಿಯನ್ನು ತಿರಸ್ಕರಿಸಿದರೆ ಅದು ಮತ್ತೆ ಬರುತ್ತದೆ, ಸ್ವೀಕರಿಸಿದರೆ ತನಿಖೆಗೆ ಬರುತ್ತದೆ. ಎರಡೂ ಅಲ್ಲದ ಒಂದು ಕಾಗದ ತೆಗೆದು ಬರೆದರು. ಸದರಿ ಲೈಸೆನ್ಸಿನ ವರ್ಗಾವಣೆಯು ಮಾಲೀಕರೂ ಅವರ ಎಲ್ಲ ಮಕ್ಕಳೂ ಖುದ್ದಾಗಿ ಹಾಜರಿದ್ದು, ವಸ್ತು ಇರುವ ಸ್ಥಳದಲ್ಲಿಯೇ ನಡೆಯತಕ್ಕದ್ದು. ಅದರ ಮೇಲೆ ಸರ್ಕಾರದ ಹದ್ದಿನ ಮೊಹರನ್ನು ಎಷ್ಟು ಜೋರಾಗಿ ಗುದ್ದಿದರೆಂದರೆ ಉಸ್ತಾದರ ಮನಸ್ಸಿನಲ್ಲಿದ್ದ ಕೊನೆಯ ಅನುಮಾನವೂ ಚಪ್ಪಟೆಯಾಯಿತು. ಇದು ನಿಜಕ್ಕೂ ಸರ್ಕಾರದ ನಿಯಮವೇ.

ಆ ಸಂಜೆಯ ಹೊತ್ತಿಗೆ ಊರು ತನ್ನ ಕೆಲಸ ಮಾಡಿತ್ತು. ಹಾಜಿ ಬಸ್ಯೂನಿಯವರ ಹತ್ತಿರ ಒಂದು ಹೂಳೆತ್ತುವ ಯಂತ್ರವಿದೆಯಂತೆ ಎಂದು ಕಾಫಿ ಅಂಗಡಿಯಲ್ಲಿ ಶುರುವಾದದ್ದು, ಕ್ಷೌರದಂಗಡಿಗೆ ಬರುವಾಗ ಮೂರು ಯಂತ್ರವಾಯಿತು, ರೊಟ್ಟಿ ಅಂಗಡಿಯ ಮುಂದಿನ ಸಾಲಿಗೆ ಬರುವಾಗ ಕಾಲುವೆಯೇ ಅವರದಾಯಿತು. ಉಸ್ತಾದರ ಹೆಂಡತಿಯನ್ನು ಮೇಲಿನ ಮನೆಯಾಕೆ ಮೆಟ್ಟಿಲಲ್ಲಿ ತಡೆದು, ನಿಮ್ಮ ಯಜಮಾನರು ಲೈಸೆನ್ಸ್ ಮಾಡಿಸಿಕೊಡ್ತಾರಂತೆ, ನಮ್ಮ ಅಳಿಯನಿಗೂ ಒಂದು ಚಿಕ್ಕದು ಸಿಗುತ್ತಾ, ಎಂದು ಕೇಳಿದಳು. ಮನೆಗೆ ಬಂದ ಉಸ್ತಾದರನ್ನು ಹೆಂಡತಿ ವಿಚಾರಿಸಿದಳು. ಅಳಿಯನ ಕಂಪ್ಯೂಟರ್ ಯಾವ ಮಾಡೆಲ್ ಎಂದು ಕೇಳಿಕೊಂಡು ಬಾ, ಎಂದರು ಉಸ್ತಾದರು. ಅವನ ಹತ್ತಿರ ಇರುವುದು ಕತ್ತೆ ಗಾಡಿ ಎಂದು ಅವಳು ಹೇಳಿದಾಗ ತಲೆ ಸುತ್ತಿದಂತಾಗಿ ಮಲಗಿಬಿಟ್ಟರು.

ಬುಧವಾರ ಮೊಹರಿನ ಕಾಗದ ಹಿಡಿದು ಹಾಜಿಯವರ ಮನೆಗೆ ಹೋದರು. ಈ ಸಲ ಬಾಗಿಲು ಪೂರ್ತಿ ತೆರೆಯಿತು. ಹಾಜಿಗಳು ಹಿಂದಿನ ಕೋಣೆಯಲ್ಲಿರಲಿಲ್ಲ. ಬೀದಿ ಕಾಣುವ ಬಾಲ್ಕನಿಯಲ್ಲಿ, ಬೆನ್ನಿಗೆರಡು ದಿಂಬು, ಕಾಲಿಗೊಂದು ದಿಂಬು ಇಟ್ಟುಕೊಂಡು, ಅಕ್ಕಿ ತುಂಬಿ ಬೇಯಿಸಿದ ಪಾರಿವಾಳವೊಂದನ್ನು ಬಿಡಿಸುತ್ತ ಕೂತಿದ್ದರು. ಇನ್ಸಾಫ್ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದಳು. ರಗಬ್ ಅಪ್ಪನ ಕೋಲನ್ನು ಎಣ್ಣೆ ಹಚ್ಚಿ ಒರೆಸುತ್ತಿದ್ದ. ಹಾಜಿಗಳು ಉಸ್ತಾದರನ್ನು ನೋಡಿ, ಮಗಳನ್ನು ಉಪ್ಪಿನಕಾಯಿ ತರಲು, ಸೊಸೆಯನ್ನು ಚಹಾಕ್ಕೆ, ಮಗನನ್ನು ಮಹಡಿಯ ಮೇಲೆ ಎಲ್ಲೋ ಇರುವ ಕನ್ನಡಕ ಹುಡುಕಲು ಕಳಿಸಿದರು. ಕನ್ನಡಕ ಅವರ ಜೇಬಿನಲ್ಲೇ ಇತ್ತು.

"ರಾಸ್ ಎಲ್ ಬರ್ ಪಟ್ಟಿ ತಾನೇ?" ಎಂದರು ಮೆತ್ತಗೆ.

ನಾಲ್ಕು ದಿನದಲ್ಲಿ ತಮಗೆ ಅರ್ಥವಾದ ಮೊದಲ ಮಾತು ಕೇಳಿ ಉಸ್ತಾದರ ಕಣ್ಣು ತುಂಬಿಬಂತು. "ಹೌದು ಹಾಜಿಗಳೇ. ಒಂದು ಗುಟ್ಟಿನ ಪದ. ಅಷ್ಟೇ ಬೇಕಾಗಿದ್ದದ್ದು. ಇವರೆಲ್ಲ ಯಾವ ಕಾಲುವೆ ಮಾತಾಡ್ತಿದಾರೆ ಅಂತ ನಂಗೊತ್ತಾಗ್ತಿಲ್ಲ."

ಹಾಜಿಗಳು ಒಂದು ಮೂಳೆ ಚೀಪಿ ತಟ್ಟೆಯಂಚಿಗಿಟ್ಟರು. "ನನ್ನ ಹೆಸರಲ್ಲಿ ಏನಿದೆ ಅಂತ ನನಗೆ ಗೊತ್ತಿಲ್ವೇ. ಭಾನುವಾರವೇ ಗೊತ್ತಾಯ್ತು. ಹೇಳೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ರಗಬ್ ಎದ್ದು ಹೋಗಿ ಟಿವಿ ಸದ್ದು ಕಮ್ಮಿ ಮಾಡ್ದ. ವಗೀಹ್, ಒಂಬತ್ತು ವರ್ಷದಲ್ಲಿ ಈ ಮನೇಲಿ ನಾನು ಮಾತಾಡೋವಾಗ ಟಿವಿ ಸದ್ದು ಕಮ್ಮಿಯಾಗಿದ್ದು ಅದೇ ಮೊದಲು. ಹೇಳ್ಬೇಕಾಗಿದ್ದು ಮರೆತೇಹೋಯ್ತು."

ಉಸ್ತಾದರು ಮೊಹರಿನ ಕಾಗದವನ್ನು ಬಿಡಿಸಿ ಅವರ ಮುಂದಿಟ್ಟರು. ಬೀದಿಯ ಕಡೆ ನೋಡಿದರು.

"ನಾಳೆ ಬರ್ತೀನಿ. ಎಲ್ಲರನ್ನೂ ಕರ್ಕೊಂಡೇ ಬರ್ತೀನಿ, ಕಾಗದದಲ್ಲಿ ಇರೋ ಹಾಗೆ," ಎಂದರು ಹಾಜಿಗಳು. "ಇವತ್ತು ರಾತ್ರಿ ಮೀನಿದೆಯಂತೆ. ಅಲ್ಲೀವರೆಗೂ ನಿನಗೂ ಏನೂ ಗೊತ್ತಿಲ್ಲ."

"ನನಗೆ ಮೊದಲಿಂದಾನೂ ಏನೂ ಗೊತ್ತಿಲ್ಲ ಹಾಜಿಗಳೇ," ಎಂದರು ಉಸ್ತಾದರು. ಚಪ್ಪಲಿಯ ದಿನದಿಂದ ಈಚೆಗೆ ಅವರು ಈ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಎದೆ ಎಷ್ಟೋ ಹಗುರಾಯಿತು.

ಗುರುವಾರ ಬೆಳಿಗ್ಗೆ ಸಂಘದ ಮೆಟ್ಟಿಲುಗಳ ಮೇಲೆ ಕಾಲಿಡಲು ಜಾಗವಿರಲಿಲ್ಲ. ಶನಿವಾರ ಹೊರಡಬೇಕಾದವರು, ಮುಂದಿನ ವಾರದವರು, ಹೂಳೆತ್ತುವ ಯಂತ್ರ ನೋಡಲು ಬಂದವರು, ಎಲ್ಲರೂ ಸೇರಿದ್ದರು. ಹತ್ತು ಗಂಟೆಗೆ ಮೈಕ್ರೋಬಸ್ ಬಂದು ನಿಂತಿತು. ಮುಂದಿನ ಸೀಟಿನಿಂದ ಇಸ್ತ್ರಿ ಮಾಡಿದ ಜಲ್ಲಾಬಿಯ್ಯಾ ನಿಲುವಂಗಿ ತೊಟ್ಟ ಹಾಜಿಗಳು ಇಳಿದರು. ಒಂದು ತೋಳಿಗೆ ಮಗ, ಇನ್ನೊಂದಕ್ಕೆ ಮಗಳು. ಹಿಂದೆ ಟಿಫನ್ ಡಬ್ಬಿ ಹಿಡಿದ ತಹಿಯ್ಯಾ. ಮೇಲೆ ಬಂದು ರಗಬ್ ಮೊದಲು ಹಿಂದಿನ ಕಿಟಕಿಯಿಂದ ಅಂಗಳ ನೋಡಿದ. ಅಲ್ಲಿ ಒಂದು ಒಡೆದ ಹೂಕುಂಡ ಮತ್ತು ಬೆಕ್ಕು ಇದ್ದವು. ಯಂತ್ರವನ್ನು ಬೇರೆ ಕಡೆ ಇಟ್ಟಿರಬಹುದೆಂದು ಸುಮ್ಮನಾದ.

ಹಾಜಿಗಳು ಹೊಸ ಕಂಪ್ಯೂಟರಿನ ಮುಂದೆ ಕೂತು ತೋಳು ಮಡಿಸಿಕೊಂಡರು. "ಎಲ್ಲರೂ ಗೋಡೆ ಕಡೆ ತಿರುಗಿ," ಎಂದರು.

ಎಲ್ಲರೂ ತಿರುಗಿದರು. ಇಂಜಿನಿಯರ್ ಕದ್ರೀ ಸಾಹೇಬರು ತಿರುಗಿದರು, ಬಾಗಿಲಲ್ಲಿ ನಿಂತಿದ್ದವರು ತಿರುಗಿದರು, ಮೆಟ್ಟಿಲಿನವರು ಏಕೆಂದು ಕೇಳದೆ ತಿರುಗಿದರು. ನಿಶ್ಶಬ್ದದಲ್ಲಿ ಒಂಬತ್ತು ಸಲ ಕೀಲಿ ಒತ್ತಿದ ಸದ್ದು ಕೇಳಿತು. ಆಮೇಲೆ ಕಂಪ್ಯೂಟರ್ ಮರಿಹಕ್ಕಿಯಂತೆ ಒಂದು ಸಲ ಕೂಗಿತು. ಉಸ್ತಾದರು ತಿರುಗಿ ನೋಡಿದರೆ ಪರದೆಯ ತುಂಬ ನೂರ ನಲವತ್ತು ಕುಟುಂಬಗಳು ತಮ್ಮ ತಮ್ಮ ಹೆಸರು, ಕೋಣೆ, ಅತ್ತೆಯರ ಸಮೇತ ಸಾಲಾಗಿ ನಿಂತಿದ್ದವು. ಪ್ರಿಂಟರ್ ಓಡಿತು. ಕಾಗದ ಕೈಯಿಂದ ಕೈಗೆ ಹಾರಿ ಮೆಟ್ಟಿಲು ಇಳಿಯಿತು. ಹೆಂಗಸರು ನಾಲಗೆಯಾಡಿಸಿ ಮದುವೆ ಮನೆಯ ಕೇಕೆ ಹಾಕಿದರು. ಗದ್ದಲ ಬೀದಿಯ ಕಡೆಗೆ ಹರಿದುಹೋಗಿ, ಕೋಣೆಯಲ್ಲಿ ಹಾಜಿಗಳ ಮನೆಯವರೂ ಉಸ್ತಾದರೂ ಅಷ್ಟೇ ಉಳಿದರು.

"ಅಪ್ಪಾ," ಎಂದ ರಗಬ್. "ಮಷೀನೆಲ್ಲಿ?"

ಹಾಜಿಗಳು ಹೊಸ ಕಂಪ್ಯೂಟರಿನ ನೆತ್ತಿಯ ಮೇಲೆ ಕೈಯಿಟ್ಟರು. "ಇದೇ."

"ಲೈಸೆನ್ಸು?"

"ಇದರೊಳಗೆ ಹೋಯ್ತು. ನಾನು ಬರೆದಿದ್ದು ಪಟ್ಟಿ ಕಣೋ ಮಗನೇ, ಬೇರೇನೂ ಇರ್ಲಿಲ್ಲ ನನ್ನ ಹತ್ರ. ಭಾನುವಾರವೇ ಹೇಳ್ಬೇಕಾಗಿತ್ತು."

ರಗಬ್ ಪರದೆಯನ್ನು ನೋಡಿದ, ಮೊಹರಿನ ಕಾಗದವನ್ನು ನೋಡಿದ, ಉಸ್ತಾದರನ್ನು ನೋಡಿದ. ಉಸ್ತಾದರು, ತಾವು ಕರೆಂಟಿಂದು ಎಂದು ಹೇಳಿದ್ದರಲ್ಲಿ ತಪ್ಪೇನಿತ್ತೆಂದು ಇನ್ನೂ ಹುಡುಕುತ್ತಿದ್ದರು. ಹದಿನೈದು ವರ್ಷ ಬೇರೆಯವರ ಬಸ್ಸು ಓಡಿಸಿದವನ ಮುಖ ಒಂದು ಕ್ಷಣ ಬಿಸಿಲಿಗಿಟ್ಟ ಟೈರಿನಂತಾಯಿತು. ಮೆಟ್ಟಿಲಿಳಿದು ಹೋದ. ಇನ್ಸಾಫ್ ಬೀಸಣಿಗೆಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಅಣ್ಣನ ಹಿಂದೆ ಹೋದಳು. ತಹಿಯ್ಯಾ ಟಿಫನ್ ಡಬ್ಬಿಯನ್ನು ಮೇಜಿನ ಮೇಲಿಟ್ಟಳು, ಮತ್ತೆ ಎತ್ತಿಕೊಂಡಳು, ಅವಳೂ ಹೋದಳು. ಕೆಳಗೆ ಬಸ್ಸಿನ ಬಾಗಿಲು ಬಡಿದ ಸದ್ದು ಕೇಳಿತು. ಇಂಜಿನ್ ಶುರುವಾಯಿತು.

ಹಾಜಿಗಳು ಕುರ್ಚಿಯಲ್ಲಿ ಹಾಗೇ ಕೂತಿದ್ದರು. ಜಲ್ಲಾಬಿಯ್ಯಾದ ಇಸ್ತ್ರಿ ಗೆರೆಯನ್ನು ಬೆರಳಿನಿಂದ ನೇವರಿಸುತ್ತಿದ್ದರು. ಉಸ್ತಾದರಿಗೆ ಸಮಾಧಾನ ಹೇಳಬೇಕೆನಿಸಿತು, ಆದರೆ ಯಾವ ವಿಷಯಕ್ಕೆ ಎಂದು ಖಚಿತವಾಗಿ ಗೊತ್ತಿರಲಿಲ್ಲ. ಪಟ್ಟಿಯಲ್ಲಿ ನಿವೃತ್ತರಿಗೂ ಒಂದು ವಾರ ಇದೆ, ಆಗಸ್ಟಿನಲ್ಲಿ ಹಾಕಲೇ, ಎಂದು ಕೇಳಿದರು. ಒಬ್ಬನೇ ಹೋಗಿ ಕಡಲಿನ ಹತ್ತಿರ ಏನು ಮಾತಾಡಲಿ, ಎಂದರು ಹಾಜಿಗಳು.

ಆಗ ಕೆಳಗಿನಿಂದ ಹಾರ್ನ್ ಕೇಳಿತು. ಉದ್ದಕ್ಕೆ, ಸಿಟ್ಟಿನಿಂದ. ಉಸ್ತಾದರು ಕಿಟಕಿಯಿಂದ ಬಗ್ಗಿ ನೋಡಿದರು. ಬಸ್ಸು ಹೋಗಿರಲಿಲ್ಲ. ಮುಂದಿನ ಸೀಟಿನ ಬಾಗಿಲು ತೆರೆದಿತ್ತು, ಇನ್ಸಾಫ್ ಆ ಸೀಟಿನ ಮೇಲೆ ದಿಂಬು ಸರಿಪಡಿಸುತ್ತಿದ್ದಳು. ರಗಬ್ ತಲೆ ಹೊರಗೆ ಹಾಕಿ ಮೇಲೆ ನೋಡಿ ಬೈಯುತ್ತಿದ್ದ.

"ಹೂಳೆತ್ತೋ ಹಾಜಿಗಳೇ, ಇಳಿದು ಬರ್ತೀರೋ, ಮೇಲೆ ಬಂದು ಹೊತ್ಕೊಂಡು ಹೋಗ್ಲೋ? ಅನ್ನ ಆರಿಹೋಗ್ತಿದೆ."

ಉಸ್ತಾದರು ಓಡಿಬಂದು ಕೋಲನ್ನು ಕೈಗೆ ಕೊಟ್ಟರು. ಹಾಜಿಗಳು ಕೋಲು ತೆಗೆದುಕೊಂಡರು, ಆದರೆ ಏಳಲಿಲ್ಲ. ಆಗಸ್ಟಿನ ಮೊದಲ ವಾರದಲ್ಲಿ ನಾಲ್ಕು ಜನರ ಕೋಣೆ ಖಾಲಿಯಿದೆಯೇ ನೋಡು ಎಂದರು, ಕಡಲಿಗೆ ಮುಖ ಮಾಡಿರಬೇಕು. ಉಸ್ತಾದರು ಎರಡೇ ಬೆರಳಿನಿಂದ ಹೆಸರು ಒತ್ತತೊಡಗಿದರು. ಕೆಳಗೆ ಮತ್ತೊಂದು ಹಾರ್ನ್ ಆಯಿತು.

"ಹಾಜಿಗಳೇ, ಕರೀತಿದಾರೆ," ಎಂದರು ಉಸ್ತಾದರು ಗಾಬರಿಯಿಂದ.

"ಕೇಳಿಸ್ತಿದೆ," ಎಂದರು ಹಾಜಿಗಳು ಕಣ್ಣು ಮುಚ್ಚಿಕೊಂಡು. "ಇನ್ನೊಂದೆರಡು ಸಲ ಕರೀಲಿ."